ಗೊರವಗಳ ಶುಗರ್ ನೋಡಿದ ಭಾನುವಾರಗಳು

ಠಾಣೆ ಜಿಲ್ಲೆಯ ಸಾನಪಾಡಾದ ನಮ್ಮ ಮನೆಯಲ್ಲಿ ಬೆಳಗಿನ ಮೊದಲ ಕೆಲಸವೆಂದರೆ ಅಮ್ಮನ ಬೆರಳು ಚುಚ್ಚಿ ಗ್ಲೂಕೋಮೀಟರಿನಲ್ಲಿ ಸಕ್ಕರೆ ನೋಡುವುದು. ಆಮೇಲೆ ಕೋಪರಿಯ ಲ್ಯಾಬಿಗೆ ಓಡಿ, ಅಲ್ಲಿ ಸಂಜೆಯವರೆಗೆ ಊರವರ ರಕ್ತ ಪರೀಕ್ಷೆ. ನಾನು ಅಲ್ಲಿ ಟೆಕ್ನಿಷಿಯನ್ ಆಗಿದ್ದೆ. ಹಕ್ಕಿಗೂ ರಕ್ತ ಪರೀಕ್ಷೆ ಮಾಡುತ್ತಾರೆಂದು ನನಗೆ ಗೊತ್ತಾದದ್ದು ಅಲ್ಲಿಯೇ.

ಒಂದು ಮಾರ್ಚ್ ತಿಂಗಳಲ್ಲಿ ಒಬ್ಬಳು ಹುಡುಗಿ ಕೌಂಟರಿಗೆ ಬಂದಳು. ಮನೆಯವರು ರಾಯಚೂರು ಕಡೆಯವರು, ಬೆಳೆದದ್ದು ತುರ್ಭೆಯಲ್ಲಿ. ಖಾರಿಯ, ಅಂದರೆ ಸಮುದ್ರದ ಉಪ್ಪುನೀರು ಒಳನುಗ್ಗುವ ಹಿನ್ನೀರಿನ, ಹಕ್ಕಿಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಅವಳ ಚೀಲದಲ್ಲಿ ಅಮ್ಮನದೇ ಥರದ ಒಂದು ಮೀಟರ್ ಇತ್ತು.

“ಅಕ್ಕಾ, ಹಕ್ಕಿ ರಕ್ತ ನಿಮ್ಮ ದೊಡ್ಡ ಮಷೀನಿನ್ಯಾಗ ಹಾಕಬಹುದೇನ್ರೀ? ಈ ಸಣ್ಣದು ಖರೆ ಹೇಳ್ತದೋ ಇಲ್ಲೋ, ಚೆಕ್ ಮಾಡ್ಬೇಕ್ರೀ.”

“ಹಕ್ಕಿಗೂ ಶುಗರ್ ಉಂಟಾ?” ಎಂದೆ.

“ಬಂದು ನೋಡ್ರಿ. ಸಂಡೇಕ್ಕೆ ಫ್ರೀ ಅದೀರೇನು?”

ಲ್ಯಾಬಿನ ಮಾಲೀಕರು ನಕ್ಕು ಒಪ್ಪಿದರು. ಭಾನುವಾರ ಬೆಳಿಗ್ಗೆ ನಾನು ಐರೋಲಿ ಸ್ಟೇಷನ್ನಿನಲ್ಲಿ ಇಳಿದು, ಅವಳ ಹಿಂದೆ ಉಪ್ಪುನೀರಿನ ಕಾಂಡ್ಲಾ ಗಿಡಗಳ ನಡುವೆ ಕೆಸರು ತುಳಿದು ಹೋದೆ. ಅರಣ್ಯ ಇಲಾಖೆಯ ಅನುಮತಿ ಪಡೆದು ಅವಳು ಬಲೆ ಕಟ್ಟಿದ್ದಳು. ಬಟ್ಟೆಯ ಚೀಲದಿಂದ ಒಂದು ಸಣ್ಣ ಗೊರವವನ್ನು ತೆಗೆದು, ಅಂಗೈಯಲ್ಲಿ ಮಲಗಿಸಿ ರೆಕ್ಕೆ ಬಿಡಿಸಿದಳು. ಚಳಿಗಾಲಕ್ಕೆ ದೂರದ ಉತ್ತರದಿಂದ ಬಂದು, ಬೇಸಿಗೆಯ ಹೊತ್ತಿಗೆ ಮರಳಿ ಹೊರಡುವ ಹಕ್ಕಿ. ಗರಿಗಳನ್ನು ಒದ್ದೆ ಹತ್ತಿಯಿಂದ ಸರಿಸಿದಾಗ ತೆಳು ಚರ್ಮದಡಿ ನೀಲಿ ನಾಳ ಕಂಡಿತು. ಎಳೆಮಕ್ಕಳ ರಕ್ತ ತೆಗೆದ ಕೈ ನನ್ನದು. ಸೂಜಿ ತಾಕಿಸಿದೆ. ಒಂದು ಕೆಂಪು ಹನಿ ಮೂಡಿತು. ಮೀಟರಿಗೆ ಸಿಕ್ಕಿಸಿದ ಪಟ್ಟಿ ಅದನ್ನು ಹೀರಿಕೊಂಡಿತು.

ಮೀಟರಿನಲ್ಲಿ ಮುನ್ನೂರರ ಹತ್ತಿರದ ಅಂಕಿ ಬಂತು.

“ಅಯ್ಯೋ, ಇದನ್ನು ಅಡ್ಮಿಟ್ ಮಾಡ್ಬೇಕಲ್ಲ ಮಾರಾಯ್ತಿ!”

ಅವಳು ನಗು ತಡೆಯಲಾರದೆ ಹಕ್ಕಿಯನ್ನು ಎದೆಗೆ ಆನಿಸಿಕೊಂಡಳು. “ಇವಕ್ಕ ಇದು ನಾರ್ಮಲ್ ರೀ.”

ಅಂದು ಹಿಡಿದ ಹಕ್ಕಿಗಳ ಉಳಿದ ಹನಿಗಳನ್ನು ಐಸ್ ಡಬ್ಬಿಯಲ್ಲಿಟ್ಟುಕೊಂಡು ಠಾಣೆಯ ಲೋಕಲ್ ರೈಲು ಹಿಡಿದೆವು. ಲ್ಯಾಬಿನ ದೊಡ್ಡ ಯಂತ್ರ ಪ್ರತಿ ಹಕ್ಕಿಗೂ ಮೀಟರಿಗಿಂತ ಹೆಚ್ಚನ್ನೇ ತೋರಿಸಿತು. ಮನುಷ್ಯರ ರಕ್ತಕ್ಕೆಂದು ಮಾಡಿದ ಮೀಟರು, ಹಕ್ಕಿಯದನ್ನು ಕಡಿಮೆ ಓದುತ್ತಿತ್ತು.

“ಹಾಗಾದ್ರೆ ಎಂಥ ಪ್ರಯೋಜನ?” ಎಂದು ಕೇಳಿದೆ.

“ಎಲ್ಲಾದಕ್ಕೂ ಒಂದೇ ಥರ ಕಮ್ಮಿ ತೋರ್ಸಿದ್ರ ಸಾಕ್ರೀ. ಒಂದು ಹಕ್ಕಿಗೆ ಇನ್ನೊಂದು ಕಂಪೇರ್ ಮಾಡಬಹುದು. ಲ್ಯಾಬ್ ಹೊತ್ಕೊಂಡು ಕೆಸರಿಗೆ ಹೋಗಾಕ ಆಗ್ತದೇನು?”

ಅಂದಿನಿಂದ ನನಗೆ ಭಾನುವಾರ ಯಾವಾಗ ಬಂದೀತೋ ಅನಿಸತೊಡಗಿತು. ಚೀಲದಲ್ಲಿ ಹೆಚ್ಚು ಹೊತ್ತು ಕಾದ ಹಕ್ಕಿಯ ಸಕ್ಕರೆ ಹೆದರಿಕೆಗೇ ಏರುತ್ತದೆ ಎಂದು ತಿಳಿದಾಗ, ಡಾಕ್ಟರನ್ನು ಕಂಡೊಡನೆ ಬಿಪಿ ಏರಿಸಿಕೊಳ್ಳುವ ಅಮ್ಮ ಕಣ್ಮುಂದೆ ಬಂದಳು. ಹುಡುಗಿಯ ಮೀಟರಿಗೆ ಬೇರೆ ಪಟ್ಟಿ ಹಾಕಿದರೆ ಕೀಟೋನ್ ಕೂಡ ಗೊತ್ತಾಗುತ್ತಿತ್ತು. ಹೊಟ್ಟೆಗೆ ಸಿಗದೆ ಮೈಯ ಕೊಬ್ಬನ್ನೇ ಕರಗಿಸಿಕೊಳ್ಳುತ್ತಿರುವ ಹಕ್ಕಿಯಲ್ಲಿ ಅದು ಜಾಸ್ತಿ.

ಏಪ್ರಿಲಿನಲ್ಲಿ ಉಳಿದ ಗೊರವಗಳೆಲ್ಲ ಪ್ರಯಾಣಕ್ಕೆ ಕೊಬ್ಬಿ ಗುಂಡಗಾಗಿದ್ದಾಗ, ಒಂದು ಮಾತ್ರ ಹಿಡಿಯಲ್ಲಿ ಕಾಗದದಷ್ಟು ಹಗುರವಾಗಿತ್ತು. ಎದೆಯ ಮೂಳೆ ಬೆರಳಿಗೆ ಚೂಪಾಗಿ ಸಿಗುತ್ತಿತ್ತು. ಕೀಟೋನ್ ಉಳಿದವುಗಳಿಗಿಂತ ಎಷ್ಟೋ ಮೇಲಿತ್ತು. ಲ್ಯಾಬಿಗೆಂದು ಇನ್ನೊಂದು ಹನಿ ತೆಗೆಯಬೇಕಿತ್ತು. ನಾನು ಗಾಜಿನ ಸಣ್ಣ ನಳಿಗೆ ಹಿಡಿದು ಕಾಯುತ್ತಿದ್ದೆ. ಅಂಥ ಇನ್ನೊಂದು ಹಕ್ಕಿ ಅವಳಿಗೆ ಆ ಋತುವಿನಲ್ಲಿ ಸಿಕ್ಕಿರಲಿಲ್ಲ. ಅವಳು ಹಕ್ಕಿಯ ಮುಖ ನೋಡಿದಳು, ನಳಿಗೆ ನೋಡಿದಳು.

“ಬ್ಯಾಡ್ರಿ ಅಕ್ಕಾ. ಛೋಡ್ ದೋ.”

ಕೆಸರಿನ ಅಂಚಿಗೆ ಬಿಟ್ಟೆವು. ಅದು ಹಾರದೆ ನಿಂತೇ ಇತ್ತು. ನಾವು ಹಿಂದೆ ಸರಿದು, ಗಿಡದ ಮರೆಯಲ್ಲಿ ಕುಳಿತೆವು. ಬಹಳ ಹೊತ್ತಿನ ಮೇಲೆ ಕೊಕ್ಕನ್ನು ಕೆಸರಿಗೆ ಚುಚ್ಚಿತು. ಮತ್ತೆ ಚುಚ್ಚಿತು, ಏನನ್ನೋ ಎಳೆದು ನುಂಗಿತು. ಅವಳು ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಮನೆಗೆ ಬಂದಾಗ ಅಮ್ಮನ ಊಟ ಮುಗಿದಿತ್ತು. ನಡೆದುದನ್ನೆಲ್ಲ ಹೇಳಿದೆ.

“ಅಷ್ಟು ಸಪೂರ ಆದದ್ದು ಯಾಕೆ?” ಎಂದಳು.

“ಗೊತ್ತಿಲ್ಲಮ್ಮ. ಮೀಟರ್ ಅದನ್ನು ಹೇಳುವುದಿಲ್ಲ.”

ಅಮ್ಮ, “ಮುಂದಿನ ವಾರ ನಾನೂ ಬರ್ತೇನೆ, ಬದಿಯಲ್ಲಿ ಕೂತು ನೋಡ್ತೇನೆ,” ಎಂದಳು.