ಹಳಿಯ ಮೇಲಿನ ನಿಂಬೆಹಣ್ಣು

ಪೆದ್ದಮ್ಮನ ಬಾಯಿಗೆ ಹೆದರದವರು ನಮ್ಮ ಲೇಡೀಸ್ ಬೋಗಿಯಲ್ಲಿ ಯಾರೂ ಇಲ್ಲ. ಕೆ.ಜಿ.ಎಫ್. ಗಣಿ ಕಾರ್ಮಿಕರ ಲೈನ್ ಮನೆಯಲ್ಲಿ ಹುಟ್ಟಿ, ಮದುವೆಯಾಗಿ ಬಂಗಾರಪೇಟೆ ಪಕ್ಕದ ನಮ್ಮೂರಿಗೆ ಬಂದವಳು. ಬೆಂಗಳೂರಿನ ಹಾಸ್ಟೆಲೊಂದರಲ್ಲಿ ಪಾತ್ರೆ ತೊಳೆಯುವ ಕೆಲಸ. ಗಂಡ ಹಾಸಿಗೆ ಹಿಡಿದಿದ್ದಾನೆ, ಅವಳ ದುಡಿಮೆಯಿಂದಲೇ ಒಲೆ ಉರಿಯಬೇಕು. ಇನ್ನೊಂದು ಸಲ ತಡವಾದರೆ ಬರಲೇಬೇಡ ಎಂದು ಸೂಪರ್‌ವೈಸರ್ ಹೇಳಿಬಿಟ್ಟಿದ್ದ.

ನಮ್ಮ ಸ್ಟೇಷನ್ ಸಣ್ಣದು, ಅದರ ಅವಾಂತರ ದೊಡ್ಡದು. ಗಾಡಿ ಒಂದನೇ ಪ್ಲಾಟ್‌ಫಾರಂಗೆ ಅಂತ ಮೈಕಿನಲ್ಲಿ ಕೂಗುತ್ತಾರೆ. ಅದು ಕಣ್ಣಿಗೆ ಬೀಳುವ ಹೊತ್ತಿಗೆ ಎರಡನೆಯದಕ್ಕೆ ಅನ್ನುತ್ತಾರೆ. ಮೇಲ್ಸೇತುವೆ ಇರುವುದು ಆ ತುದಿಗೆ. ಹತ್ತಿ ಇಳಿಯುವಷ್ಟರಲ್ಲಿ ಗಾಡಿ ಹೋಗಿರುತ್ತದೆ. ಹಾಗಾಗಿ ಸೀರೆ ಎತ್ತಿ ಕಟ್ಟಿ ಹಳಿಗೆ ಧುಮುಕುತ್ತೇವೆ. ಕೇಳಿದರೆ ‘ಬರೆದು ಕೊಡಿ’ ಅನ್ನುತ್ತಾರೆ. ಬರೆದು ಕೊಟ್ಟಿದ್ದೂ ಆಯಿತು, ಗೋರ್ಕಲ್ಲ ಮೇಲೆ ಮಳೆಗರೆದಂತೆ.

“ಮೈಕು ಕೊರ್ ಅಂದ್ರೆ ಸಾಕು, ಗಣಿ ಸೈರನ್ ಕೇಳ್ದಂಗಾಯ್ತದೆ ಕಣೇ ಸುಮಿತಾ,” ಎಂದಿದ್ದಳು ಪೆದ್ದಮ್ಮ ಒಮ್ಮೆ. “ಗಣಿ ಕುಸ್ದು ಸೈರನ್ ಕೂಗಿದ್ರೆ ಎಂಗಸ್ರೆಲ್ಲ ಬಾಗ್ಲಿಗೆ ಬರ್ತಿದ್ರು, ಸತ್ತೋನು ಯಾರ ಮನೆಯೋನೋ ಅಂತ. ಇಲ್ಲೂ ಒಂದಿನ ಯಾರ್ನೋ ತಿಂತದೆ.” ಅವತ್ತಿನಿಂದ ಆ ಸದ್ದಾದರೆ ನಾನೂ ಮೊದಲು ಹಳಿಯ ಎರಡೂ ಕಡೆ ನೋಡುತ್ತೇನೆ.

ಆಯುಧಪೂಜೆಯ ಹಿಂದಿನ ದಿನ ನಾವು ಓಡಾಡುವ ರೈಲಿಗೆ ಪೂಜೆ ಮಾಡುವುದು ನಮ್ಮ ಪದ್ಧತಿ. ಬೇರೆಯವರು ಸ್ಕೂಟರ್ ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತಾರೆ. ನಮ್ಮ ಗಾಡಿ ನಿಲ್ಲುವುದೇ ಒಂದು ಗಳಿಗೆ, ಅದಕ್ಕೆ ಪೆದ್ದಮ್ಮ ಮೊದಲೇ ಹಳಿಯ ಮೇಲೆ ಇಟ್ಟುಬಿಡುತ್ತಾಳೆ. ಈ ಸಲ ಒಂದನೆಯದಕ್ಕೆ ಅಂತ ಕೂಗಿದರು. ಅಲ್ಲೇ ಎರಡು ಹಣ್ಣಿಟ್ಟು, ಕುಂಕುಮ ಹಚ್ಚಿ ಮೇಲೆ ಬಂದಳು.

ಮೈಕು ಕೊರ್ ಎಂದಿತು. ನಮ್ಮ ಗಾಡಿ ಎರಡನೆಯದಕ್ಕಂತೆ. ಒಂದನೆಯದರಲ್ಲಿ ನಿಲ್ಲದೆ ಹೋಗುವ ಎಕ್ಸ್‌ಪ್ರೆಸ್ ಬರುತ್ತದಂತೆ.

ಎಲ್ಲರೂ ಧುಮುಕಿದೆವು. ನಾನು ಆ ಕಡೆ ಹತ್ತಿ ತಿರುಗಿದರೆ, ಪೆದ್ದಮ್ಮ ಒಂದನೇ ಹಳಿಯಲ್ಲೇ ಬಗ್ಗಿದ್ದಾಳೆ.

“ಬಾರಕ್ಕಾ! ಬುಡು ಅದ್ನ!”

“ನಮ್ ಗಾಡಿಗಿಟ್ಟಿದ್ದು ಬ್ಯಾರೆ ಗಾಡಿ ತುಳೀಬಾರ್ದು ಕಣೇ, ಕೇಡು ನಮ್ಗೇ ಬತ್ತದೆ!”

ಎಕ್ಸ್‌ಪ್ರೆಸ್ ಹಾರ್ನ್ ಹೊಡೆಯುತ್ತಲೇ ಇತ್ತು. ನಾನು ಮತ್ತೆ ಕೆಳಗೆ ಹಾರಿ, ಅವಳ ರಟ್ಟೆ ಹಿಡಿದು ಎರಡನೇ ಹಳಿಗೆ ಎಳೆದೆ. ಅದರ ಗಾಳಿಗೆ ಇಬ್ಬರೂ ಜಲ್ಲಿಯ ಮೇಲೆ ಬಿದ್ದೆವು. ಒಂದು ಹಣ್ಣು ಅವಳ ಮುಷ್ಟಿಯಲ್ಲಿತ್ತು. ಇನ್ನೊಂದನ್ನು ಎಕ್ಸ್‌ಪ್ರೆಸ್ ಅರೆದು ಹೋಗಿತ್ತು. ಹೆಂಗಸರು ನಮ್ಮನ್ನು ಮೇಲೆಳೆದುಕೊಂಡರು.

ಅಷ್ಟರಲ್ಲಿ ನಮ್ಮ ಗಾಡಿಯೂ ಬಂತು, ಹತ್ತಿದೆವು. ಬೆಂಗಳೂರಿನಲ್ಲಿ ಇಳಿಯುವಾಗ ಪೆದ್ದಮ್ಮ, “ಮಾರಮ್ಮನಾಣೆ, ಇನ್ಮೇಲೆ ಸೇತುವೆ ಮೇಲೇನೇ ಓಯ್ತೀನಿ,” ಎಂದಳು. 

ಹಬ್ಬ ಕಳೆದು ಮತ್ತೆ ಕೆಲಸಕ್ಕೆ ಹೊರಟ ಮೊದಲ ದಿನವೇ ಮೈಕಿನವನು ಮಾತು ಬದಲಿಸಿದ. ಪೆದ್ದಮ್ಮ ಸೇತುವೆಯ ಕಡೆ ನೋಡಿದಳು, ಬರುತ್ತಿದ್ದ ಗಾಡಿಯ ಕಡೆ ನೋಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಎಲ್ಲರಿಗಿಂತ ಮೊದಲು ಹಳಿಗಿಳಿದಳು.

“ಅಕ್ಕಾ, ಆಣೆ ಮಾಡಿದ್ಯಲ್ಲಾ!” ಎಂದು ಚೀರಿದೆ.

“ಆಣೆ ಅನ್ನ ಆಕ್ತದೇನೇ? ಬಾ ಬಿರ್ನೆ!”

ನಾನೂ ಧುಮುಕಿದೆ.