ಸೂರ್ಯ ಮುಳುಗದ ಶನಿವಾರ

೧೯೭೬ರ ಜೂನ್‌ನಿಂದ ಡಿಸೆಂಬರ್‌ವರೆಗೆ ನಾನು ಲಂಡನ್ನಿನಲ್ಲಿ ಗೃಹಿಣಿಯಾಗಿದ್ದೆ. ಅದಕ್ಕೆ ಮುಂಚೆ ಐದು ವರ್ಷ ಹೊಸದುರ್ಗದಲ್ಲಿ, ಆಮೇಲಿನ ವರ್ಷಗಳೆಲ್ಲ ಚಿತ್ರದುರ್ಗದಲ್ಲಿ ಇದೇ ಕೆಲಸ. ವರ್ಗಾವಣೆ ಆಗುತ್ತಿದ್ದುದು ಯಜಮಾನರಿಗೆ; ಒಲೆ ಬದಲಾಗುತ್ತಿದ್ದುದು ನನಗೆ. ಮನೆವಾರ್ತೆಯನ್ನು ಯಾರೂ ಉದ್ಯೋಗವೆಂದು ಬರೆದುಕೊಳ್ಳುವುದಿಲ್ಲ. ಆದರೂ ಇದರಲ್ಲಿ ಹೊಣೆ ಉಂಟು, ತಪ್ಪೂ ಉಂಟು. ನನ್ನ ಕೈಯಲ್ಲಾದ ಒಂದು ದೊಡ್ಡ ತಪ್ಪನ್ನು, ದೇವರು ಅದರಿಂದ ದಾಟಿಸಿದ ರೀತಿಯನ್ನು ಇದ್ದದ್ದು ಇದ್ದಂತೆ ಬರೆಯುತ್ತೇನೆ.

ಯಜಮಾನರು ತಾಮ್ರದ ಗಣಿಯಲ್ಲಿ ಎಂಜಿನಿಯರ್. ಗಣಿಯ ಆಳದಲ್ಲಿ ಜಿನುಗುವ ನೀರನ್ನು ಮೇಲೆತ್ತುವ ಪಂಪುಗಳು ಅವರ ಪಾಲಿನವು. ಅದರ ಬಗ್ಗೆ ಆರು ತಿಂಗಳ ತರಬೇತಿಗೆಂದು ಅವರನ್ನು ಕಳಿಸಿದಾಗ ನನಗೆ ಐದು ತಿಂಗಳು. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕೆಂದು ಹಿರಿಯೂರಿನಿಂದ ನಮ್ಮಪ್ಪ ಎರಡು ಸಲ ಬಂದು ಕೇಳಿದರು. ಆದರೆ ಅದಕ್ಕೆ ಮುಂಚೆ ಎರಡು ಬಸಿರು ಮೂರು ತಿಂಗಳು ತುಂಬುವ ಮೊದಲೇ ಹೋಗಿದ್ದವು. ಎರಡು ಸಲವೂ ಯಜಮಾನರು ಊರಲ್ಲಿರಲಿಲ್ಲ. ಈ ಸಲ ಬಿಟ್ಟು ಹೋಗುವುದಿಲ್ಲ ಎಂದು ಅವರು ಹಟ ಹಿಡಿದರು.

ಹೊರಡುವ ಮುಂಚೆ ಅತ್ತೆ ನನ್ನನ್ನು ಹೊರಕೆರೆದೇವಪುರಕ್ಕೆ ಕರೆದೊಯ್ದು ರಂಗನಾಥಸ್ವಾಮಿಯ ಮುಂದೆ ಹರಕೆ ಹೊತ್ತರು: ಶ್ರಾವಣದ ಶನಿವಾರಗಳಲ್ಲಿ ಸೊಸೆ ಒಪ್ಪತ್ತು ಇರುತ್ತಾಳೆ, ದೀಪ ಹಚ್ಚಿದ ಮೇಲೆಯೇ ಉಣ್ಣುತ್ತಾಳೆ, ಕೂಸನ್ನು ಉಳಿಸಿಕೊಡು. ನಾನು ಪಕ್ಕದಲ್ಲಿ ಕಣ್ಣು ಮುಚ್ಚಿ ನಿಂತು, ನೀರನ್ನೂ ಮುಟ್ಟುವುದಿಲ್ಲ ಎಂದು ಮನಸ್ಸಿನಲ್ಲೇ ಸೇರಿಸಿದೆ. ಎರಡು ಸಲ ಕಳೆದುಕೊಂಡವಳಿಗೆ ಎಷ್ಟು ಕೊಟ್ಟರೂ ಕಮ್ಮಿ ಅನ್ನಿಸುತ್ತದೆ.

ನಮ್ಮದು ಕುರಿ ಸಾಕಿದ ಮನೆತನ. ಓದಿ ಎಂಜಿನಿಯರಾದದ್ದು ಯಜಮಾನರೊಬ್ಬರೇ. ತೀರಿಹೋದ ಮಾವನವರ ಕರಿ ಕಂಬಳಿಯಿಂದ ಅತ್ತೆ ಒಂದು ಗೇಣಗಲದ ಪಟ್ಟಿ ಕತ್ತರಿಸಿ, ಅಂಚು ಹೊಲಿದು, ನನ್ನ ಹೊಟ್ಟೆಗೆ ತಾವೇ ಸುತ್ತಿದರು.

"ಆ ದೇಶದಾಗೆ ಗಾಳಿಯೇ ಮಂಜಂತೆ. ಹೊರಗೆ ಹೋಗೋವಾಗ ಇದನ್ನ ಬಿಚ್ಚಬ್ಯಾಡ. ಇದು ಮೈಮ್ಯಾಲಿದ್ರೆ ಕೂಸಿಗೆ ಏನೂ ತಾಗಲ್ಲ."

ಲಂಡನ್ನಿನಲ್ಲಿ ಇಳಿದರೆ ನಮ್ಮ ಹಿರಿಯೂರು ಕಡೆಯ ಧರ್ಮಪುರದಂಥ ಸುಡುಬಿಸಿಲು. ಅಂಥ ಬೇಸಿಗೆಯನ್ನು ಕಂಡೇ ಇಲ್ಲವೆಂದು ನಮ್ಮ ಮನೆಯೊಡತಿ ದಿನವೂ ಹೇಳುತ್ತಿದ್ದರು. ಪಾರ್ಕಿನ ಹುಲ್ಲು ಕಡಲೆಕಾಯಿ ಕಿತ್ತ ಹೊಲದಂತೆ ಕೆಂಚಗಾಗಿತ್ತು. ಜನ ಅಂಗಿ ಬಿಚ್ಚಿ ಅದರ ಮೇಲೆ ಮಲಗುತ್ತಿದ್ದರು. ನಾನು ಮಾತ್ರ ಸೀರೆಯೊಳಗೆ ಕಂಬಳಿ ಪಟ್ಟಿ ಸುತ್ತಿ, ಮೇಲೊಂದು ಸ್ವೆಟರ್ ಹಾಕಿ ತರಕಾರಿಗೆ ಹೋಗುತ್ತಿದ್ದೆ. ಬಿಚ್ಚಬೇಡ ಎಂದವರು ಬಿಸಿಲಿದ್ದರೆ ಬಿಚ್ಚು ಎಂದು ಹೇಳಿರಲಿಲ್ಲ.

ಅಲ್ಲಿ ಆಂಟಿನೇಟಲ್ ಕ್ಲಿನಿಕ್ ಎಂದರೆ ಬಸುರಿಯರನ್ನು ನಿಗದಿಯಾದ ದಿನ ಕರೆದು ತೂಕ, ರಕ್ತದೊತ್ತಡ ನೋಡುವ ವಿಭಾಗ. ನೋಡುವವರು ಮಿಡ್‌ವೈಫ್, ಅಂದರೆ ಆಸ್ಪತ್ರೆಯಲ್ಲೇ ಕಲಿತು ಪರೀಕ್ಷೆ ಪಾಸಾದ ಸೂಲಗಿತ್ತಿ. ನನ್ನನ್ನು ನೋಡುತ್ತಿದ್ದಾಕೆ ನರೆತ ಕೂದಲಿನ, ಹೆಚ್ಚು ಮಾತಾಡದ ಹೆಂಗಸು. ಹಿಂದಿನದನ್ನು ಕೇಳಿ ತಿಳಿದುಕೊಂಡು, ಮಗುವಿನ ಮಿಸುಕಾಟವನ್ನು ದಿನವೂ ಎಣಿಸು, ಹತ್ತು ಸಲವಾದರೂ ಗೊತ್ತಾಗಬೇಕು ಎಂದಿದ್ದರು. ನಾನು ಜಪ ಎಣಿಸುವಂತೆ ಬೆರಳಿನ ಗೆಣ್ಣುಗಳ ಮೇಲೆ ಎಣಿಸುತ್ತಿದ್ದೆ. ಕೂಸು ಜಾಣ. ಬೆಳಗಿನ ಪಾತ್ರೆ ತೊಳೆದು ಮುಗಿಸುವಷ್ಟರಲ್ಲಿ ಹತ್ತು ಮುಗಿಸುತ್ತಿತ್ತು.

ಶ್ರಾವಣ ಬಂತು. ಹೊಸದುರ್ಗದಲ್ಲಿ ಆ ಕಾಲಕ್ಕೆ ಆರೂಮುಕ್ಕಾಲಿಗೆಲ್ಲ ದೀಪ ಹಚ್ಚುತ್ತೇವೆ. ಲಂಡನ್ನಿನ ಸೂರ್ಯ ಎಂಟೂವರೆಯಾದರೂ ಮುಳುಗುವುದಿಲ್ಲ. ಮೊದಲ ಶನಿವಾರ ಯಜಮಾನರು ಕೆಲಸದ ಮೇಲಿದ್ದರು. ನಾನು ಪರದೆ ಎಳೆದು ಮಲಗಿ, ಆಗಾಗ ಕಿಟಕಿಯಿಂದ ಹಣಕಿ, ಹೇಗೋ ಕಳೆದೆ. ಉಪವಾಸದ ಮಾತು ಅವರಿಗೆ ಹೇಳಲಿಲ್ಲ. ಹೇಳಿದ್ದರೆ ಬಿಡಿಸುತ್ತಿದ್ದರು.

ಎರಡನೆಯ ಶನಿವಾರಕ್ಕೆ ಅವರು ಊರು ತೋರಿಸುವ ಬಸ್ಸಿಗೆ ಎರಡು ಟಿಕೆಟ್ ತಂದಿದ್ದರು. ಬಂದು ಎರಡು ತಿಂಗಳಾದರೂ ನಾನು ತರಕಾರಿ ಅಂಗಡಿ, ಕ್ಲಿನಿಕ್ ಬಿಟ್ಟು ಏನನ್ನೂ ಕಂಡಿರಲಿಲ್ಲ. "ನಾಳೆ ಊರಿಗೆ ಹೋದ್ರೆ ಲಂಡನ್ನಾಗೆ ಏನ್ ನೋಡ್ದಿ ಅಂತ ಕೇಳ್ತಾರೆ. ಬೀನ್ಸು ನೋಡ್ದೆ ಅಂತೀಯಾ? ಎದ್ದೇಳು, ಹೋಗಾಣ" ಎಂದು ನಕ್ಕರು. ಅವರ ಸಂತೋಷ ಕಂಡು ಬರುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ಉಪ್ಪಿಟ್ಟು ಬಡಿಸಿದೆ. "ನಿಂದು?" ಎಂದು ಕೇಳಿದರು.

"ನಂದಾತು" ಎಂದೆ.

ಬಸ್ಸಿನ ಮಹಡಿಗೆ ಚಾವಣಿ ಇರಲಿಲ್ಲ. ಅರಮನೆಯ ಮುಂದೆ ಇಳಿಸಿದರು. ಕರಡಿಯ ತುಪ್ಪಳದ ಟೋಪಿ ಹೊತ್ತ ಕಾವಲುಗಾರರು ಆ ಬಿಸಿಲಿನಲ್ಲಿ ರೆಪ್ಪೆ ಮಿಟುಕಿಸದೆ ನಿಂತಿದ್ದರು. ನಾನೂ ಅವರಂತೆಯೇ ಇದ್ದೇನೆ ಅನ್ನಿಸಿ ಒಳಗೇ ನಗು ಬಂತು. ಆ ದಿನದ ಕೊನೆಯ ನಗು ಅದು. ಗಡಿಯಾರದ ಗೋಪುರ ನೋಡಿದೆವು, ಥೇಮ್ಸ್ ಹೊಳೆ ದಾಟಿದೆವು. ಯಜಮಾನರು ಐಸ್‌ಕ್ರೀಮ್ ತಂದರೆ ಹಲ್ಲು ಜುಮ್ಮೆನ್ನುತ್ತದೆ ಎಂದು ಅವರಿಗೇ ತಿನ್ನಿಸಿದೆ. ಕಿತ್ತಳೆ ರಸಕ್ಕೆ ಹುಳಿತೇಗು ಎಂದೆ. ಒಂದು ಸುಳ್ಳಿಗೆ ಎಷ್ಟು ಸುಳ್ಳು ಬೇಕಾಗುತ್ತವೆ ಎಂದು ಅವತ್ತು ಕಲಿತೆ.

ಮೂರು ಗಂಟೆಗೆ ದೊಡ್ಡ ಗುಮ್ಮಟದ ಚರ್ಚಿನ ಹತ್ತಿರ ಬಿಟ್ಟರು. ಗುಮ್ಮಟ ಹತ್ತಿ ನೋಡಿ ಬನ್ನಿ, ನಾನು ಕೆಳಗೆ ಕೂತಿರುತ್ತೇನೆ ಎಂದು ಯಜಮಾನರನ್ನು ಕಳಿಸಿದೆ. ಒಳಗೆ ತಂಪಿತ್ತು. ಬೆಂಚಿನ ಮೇಲೆ ಕೂತು, ದೇವರ ಮನೆ ಯಾರದಾದರೇನು ಎಂದು ಕೈ ಮುಗಿಯಲು ಹೋದೆ. ಆಗ ಹೆಬ್ಬೆರಳು ಕಿರುಬೆರಳಿನ ಮೊದಲ ಗೆಣ್ಣಿನ ಮೇಲೇ ನಿಂತಿರುವುದು ಗಮನಕ್ಕೆ ಬಂತು. ಬೆಳಗಿನಿಂದ ಅದು ಅಲ್ಲಿಂದ ಮುಂದೆ ಸರಿದೇ ಇರಲಿಲ್ಲ.

ನೆನಪು ಮಾಡಿಕೊಂಡೆ. ಸ್ನಾನದ ಹೊತ್ತಿಗೆ ಒಂದು ಸಲ ಮಿಸುಕಿತ್ತು. ಅರಮನೆಯ ಹತ್ತಿರ? ಇಲ್ಲ. ಹೊಳೆಯ ಮೇಲೆ? ಇಲ್ಲ. ಹೊಟ್ಟೆಯ ಮೇಲೆ ಅಂಗೈಯಿಟ್ಟೆ. ಕಂಬಳಿಯ ದಪ್ಪ ಬಿಟ್ಟು ಏನೂ ಗೊತ್ತಾಗಲಿಲ್ಲ. ರಂಗನಾಥನ ಹೆಸರು ನೂರೆಂಟು ಸಲ ಹೇಳಿದೆ. ಒಳಗೆ ಸದ್ದಿಲ್ಲ. ಯಜಮಾನರು ಬೆವರುತ್ತ ಇಳಿದು ಬಂದು, ಮೇಲಿನಿಂದ ಇಡೀ ಊರು ಕಾಣಿಸುತ್ತದೆ ಎಂದು ವರ್ಣಿಸುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ. ಬಾಯಿಬಿಟ್ಟು ಹೇಳಿದರೆ ನಿಜವಾಗಿಬಿಡುತ್ತದೆ ಎಂಬ ಹೆದರಿಕೆ. ಹಿಂದಿನ ಎರಡು ಸಲವೂ ಮೊದಲು ಹೇಳಿದವಳು ನಾನೇ.

ಮನೆಗೆ ಮರಳಲು ಊರಿನ ಸಾಮಾನ್ಯ ಕೆಂಪು ಬಸ್ಸು ಹತ್ತಿದೆವು. ಕಂಡಕ್ಟರ್ ವೆಸ್ಟ್ ಇಂಡೀಸ್ ದ್ವೀಪಗಳ ಕಡೆಯ ಕಪ್ಪು ಹೆಂಗಸು, ನಲವತ್ತೈದು ವಯಸ್ಸಿರಬಹುದು, ಗಟ್ಟಿ ದನಿ. ಟಿಕೆಟ್ ಹರಿಯುತ್ತ ನನ್ನ ಮುಖ ನೋಡಿದಳು, ಸ್ವೆಟರ್ ನೋಡಿದಳು, ಏನಾಯಿತು ಎಂದು ಕೇಳಿದಳು. ಯಜಮಾನರಿಗೆ ಹೇಳಲಾಗದ್ದನ್ನು ಆ ಅಪರಿಚಿತಳಿಗೆ ಹೇಳಿದೆ. ನನ್ನ ಎಸ್ಸೆಸ್ಸೆಲ್ಸಿ ಇಂಗ್ಲಿಷಿನಲ್ಲಿ ಅದು ಬಂದದ್ದು ಮೂರೇ ಮಾತಿನಲ್ಲಿ: "ಬೇಬಿ ನಾಟ್ ಮೂವಿಂಗ್."

ಯಜಮಾನರ ಕೈಯಲ್ಲಿದ್ದ ನಕ್ಷೆ ಕೆಳಗೆ ಬಿತ್ತು.

ಆಕೆ ಹಿಂದಿನ ಸೀಟಿನವರನ್ನು ಎಬ್ಬಿಸಿ ನನ್ನನ್ನು ಎಡಮಗ್ಗುಲಾಗಿ ಒರಗಿಸಿದಳು. ಸ್ವೆಟರ್ ಕಳಚಿದಳು. ಸೊಂಟಕ್ಕೆ ಕೈ ತಾಗಿದಾಗ ಇದೇನು ಎಂದು ಹುಬ್ಬೇರಿಸಿದಳು. ಆಕೆ ಬೆನ್ನು ತಿರುಗಿಸಿ ಮರೆಯಾಗಿ ನಿಂತಳು, ನಾನು ಪಟ್ಟಿ ಬಿಚ್ಚಿ ಎಳೆದು ಯಜಮಾನರ ಕೈಗಿತ್ತೆ. ಬೆವರಿನಿಂದ ಒದ್ದೆಮುದ್ದೆಯಾಗಿತ್ತು. ಅವರಪ್ಪನ ಕಂಬಳಿ, ಗುರುತು ಹಿಡಿದರು. ಕೊನೆಯ ಸಲ ಯಾವಾಗ ತಿಂದಳು ಎಂದು ಕಂಡಕ್ಟರ್ ಕೇಳಿದ್ದನ್ನು ಅವರು ನನಗೆ ಕೇಳಿದರು.

"ನಿನ್ನೆ ರಾತ್ರಿ ಉಂಡಿದ್ದು" ಎಂದೆ.

"ಬೆಳಗ್ಗೆ ಆತು ಅಂದ್ಯಲ್ಲೇ."

"ಶನಿವಾರ ಅಲ್ವೇನ್ರಿ. ಅತ್ತೆ ಹರಕೆ ಐತೆ."

"ನೀರು?"

ನಾನು ತಲೆ ತಗ್ಗಿಸಿದೆ. ಆ ಹೊತ್ತಿಗೆ ಕಂಡಕ್ಟರ್ ತನ್ನ ಫ್ಲಾಸ್ಕಿನಿಂದ ಟೀ ಬಗ್ಗಿಸಿ, ಜೇಬಿನಿಂದ ಸಕ್ಕರೆ ಗಟ್ಟಿ ತೆಗೆದು ಹಾಕಿ, ನನ್ನ ಬಾಯಿಯ ಹತ್ತಿರ ಹಿಡಿದಿದ್ದಳು. ನಾನು ಬಾಯಿ ತೆರೆಯಲಿಲ್ಲ. ಈಗ ಓದುವವರಿಗೆ ಇದು ಮೂರ್ಖತನವಾಗಿ ಕಾಣುತ್ತದೆ. ನನಗೆ ಆಗ ಕಂಡದ್ದು ಇಷ್ಟೇ: ಕೂಸು ಇನ್ನೂ ಇದ್ದರೆ ಅದನ್ನು ಹಿಡಿದಿರುವುದು ಆ ಹರಕೆಯೊಂದೇ, ಅದನ್ನೂ ನನ್ನ ಕೈಯಾರೆ ಕಡಿಯಬೇಕೆ?

"ದೀಪ ಹಚ್ಚೋ ಹೊತ್ತಾಗಿಲ್ಲ. ಸೂರ್ಯ ಇನ್ನೂ ಅಲ್ಲೇ ಅವ್ನಲ್ರಿ" ಎಂದೆ.

ಯಜಮಾನರು ಬೈಯಲಿಲ್ಲ. ಬಸ್ಸಿನ ನೆಲದ ಮೇಲೆ ಮಂಡಿಯೂರಿ ಕೂತು ಕೈಗಡಿಯಾರ ತೋರಿಸಿದರು.

"ನೋಡಿಲ್ಲಿ. ಇಲ್ಲಿ ಐದು ಗಂಟೆ. ನಮ್ಮೂರಾಗೆ ಈಗ ರಾತ್ರಿ ಒಂಬತ್ತೂವರೆ. ಅವ್ವ ದೀಪ ಹಚ್ಚಿ, ಉಂಡು, ಮಲಗಿ ಆಗೈತೆ. ನೀನು ಹರಕೆ ಹೊತ್ತಿದ್ದು ಯಾವ ದೇವ್ರಿಗೆ? ಆ ದೇವ್ರು ಎಲ್ಲವ್ನೆ? ಅವನ ಗುಡಿ ಬಾಗಿಲು ಹಾಕಿ ಎಷ್ಟೊತ್ತಾತು. ಕುಡಿಯೇ."

ಕುಡಿದೆ. ಪೂರ್ತಿ ಕುಡಿದೆ. ಇನ್ನೊಂದು ಲೋಟವನ್ನೂ ಕುಡಿದೆ. ಆ ಬಸ್ಸು ನಮ್ಮ ಕ್ಲಿನಿಕ್ ಇದ್ದ ಆಸ್ಪತ್ರೆಯ ಎದುರೇ ನಿಲ್ಲುವ ಬಸ್ಸು. ಅದೂ ಒಂದು ಕೃಪೆಯೇ. ಕಂಡಕ್ಟರ್ ಬಾಗಿಲವರೆಗೆ ಬಂದು ನನ್ನ ಕೆನ್ನೆ ತಟ್ಟಿ ಬಸ್ಸಿಗೆ ಓಡಿದಳು. ಹೆಸರು ಕೇಳುವುದಾಗಲಿಲ್ಲ.

ಆಸ್ಪತ್ರೆಯಲ್ಲಿ ಅದೇ ನರೆತ ಕೂದಲಿನ ಮಿಡ್‌ವೈಫ್ ಇದ್ದರು. ಅವರ ಬಳಿ ಪಿನಾರ್ಡ್ ಎಂಬ ಸಾಧನವಿತ್ತು. ಅಂಗೈಯುದ್ದದ ಮರದ ತುತ್ತೂರಿ. ಅಗಲದ ಬಾಯಿಯನ್ನು ಹೊಟ್ಟೆಗೂ ಕಿರಿದನ್ನು ಕಿವಿಗೂ ಒತ್ತಿ ಹಿಡಿದರೆ ಮಗುವಿನ ಎದೆಬಡಿತ ಕೇಳುತ್ತದೆ. ಕೇಳುವವರಿಗೆ ಮಾತ್ರ ಕೇಳುತ್ತದೆ, ತಾಯಿಗಲ್ಲ. ಅವರು ಎಡಕ್ಕೆ ಒತ್ತಿದರು. ಬಲಕ್ಕೆ ಒತ್ತಿದರು. ಮತ್ತೆ ಕೆಳಗೆ. ಮುಖದಲ್ಲಿ ಯಾವ ಬದಲಾವಣೆಯೂ ಇಲ್ಲ. ಗೋಡೆಯ ಗಡಿಯಾರದ ಮುಳ್ಳಿನ ಸದ್ದು ಕೇಳಿಸುತ್ತಿತ್ತು. ಯಜಮಾನರು ಕಂಬಳಿ ಪಟ್ಟಿಯನ್ನು ಎರಡು ಕೈಯಲ್ಲಿ ಹಿಂಡುತ್ತ ನಿಂತಿದ್ದರು.

ಆಮೇಲೆ ಮಿಡ್‌ವೈಫ್ ಕಿವಿಯನ್ನು ತುತ್ತೂರಿಯಿಂದ ತೆಗೆಯದೆಯೇ ನನ್ನ ಕೈ ಹುಡುಕಿ ಹಿಡಿದರು. ನನ್ನ ಅಂಗೈಯ ಮೇಲೆ ತಮ್ಮ ತೋರುಬೆರಳಿನಿಂದ ತಟ್ಟತೊಡಗಿದರು. ಟಕಟಕ, ಟಕಟಕ, ಟಕಟಕ. ನನಗೆ ಮೊದಲು ತಿಳಿಯಲಿಲ್ಲ. ತಾವು ಕೇಳುತ್ತಿದ್ದುದನ್ನು ಅವರು ನನಗೆ ಕೊಡುತ್ತಿದ್ದರು. ನಿಮಿಷಕ್ಕೆ ನೂರ ನಲವತ್ತು, ಚೆನ್ನಾಗಿದೆ ಎಂದು ಆಮೇಲೆ ಹೇಳಿದರು. ಗ್ಲೂಕೋಸ್ ಏರಿಸಿ ಫ್ಯಾನಿನ ಕೆಳಗೆ ಮಲಗಿಸಿದರು. ಆರೂವರೆಯ ಸುಮಾರಿಗೆ ಪಕ್ಕೆಲುಬಿನ ಕೆಳಗೆ ಒಂದು ಒದೆ ಬಿತ್ತು. ಹೆಬ್ಬೆರಳು ಎರಡನೆಯ ಗೆಣ್ಣಿಗೆ ಹೋಯಿತು.

ಅಕ್ಟೋಬರಿನಲ್ಲಿ ಅದೇ ಆಸ್ಪತ್ರೆಯಲ್ಲಿ ಮಗಳು ಹುಟ್ಟಿದಳು. ರಂಗಲಕ್ಷ್ಮಿ ಎಂದು ಹೆಸರಿಟ್ಟೆವು. ಡಿಸೆಂಬರಿನಲ್ಲಿ ಹೊಸದುರ್ಗಕ್ಕೆ ಬಂದ ದಿನ, ಅತ್ತೆ ಕೂಸಿಗೆ ಎಣ್ಣೆ ಹಚ್ಚುತ್ತ ಕೂತಿದ್ದಾಗ ಎದುರಿಗೆ ಕಂಬಳಿ ಪಟ್ಟಿಯಿಟ್ಟು ಎಲ್ಲವನ್ನೂ ಹೇಳಿಬಿಟ್ಟೆ. ಹರಕೆ ಮುರಿದೆ, ಏನು ಪ್ರಾಯಶ್ಚಿತ್ತ ಹೇಳಿ ಎಂದೆ. ಅವರ ಕೈ ನಿಂತಿತು.

"ಬಸ್ರೀಗೆ ನೀರು ಬಿಡು ಅಂತ ಯಾವ ದೇವ್ರು ಕೇಳ್ತಾನೆ? ನಾನು ನಿನ್ನ ಗಂಡನ್ನ ಹೊತ್ತಾಗ ಶ್ರಾವಣದ ಶನಿವಾರ ಎಲ್ಡು ಚೆಂಬು ಮಜ್ಜಿಗೆ ಕುಡೀತಿದ್ದೆ. ನನ್ನನ್ನ ಒಂದು ಮಾತು ಕೇಳಬಾರದಿತ್ತೇನೆ?" ಎಂದರು. ಆಮೇಲೆ, "ಬಿಸಿಲಿದ್ರೆ ಬಿಚ್ಚು ಅಂತ ನಾನೂ ಹೇಳ್ಬೇಕಿತ್ತು" ಎಂದು ಪಟ್ಟಿಯನ್ನು ಮಡಿಸಿ ತೊಟ್ಟಿಲಿಗೆ ಹಾಸಿದರು.

ಈಗಲೂ ನಾನು ಶ್ರಾವಣದ ಶನಿವಾರ ಒಪ್ಪತ್ತು ಇರುತ್ತೇನೆ, ನೀರು ಕುಡಿಯುತ್ತೇನೆ. ಉಣ್ಣಿಸುವುದನ್ನೇ ಕೆಲಸ ಮಾಡಿಕೊಂಡವಳು ನಾನು. ಈ ಕೆಲಸದಲ್ಲಿ ಅತಿ ಸುಲಭವಾಗಿ ನಂಬಿಬಿಡುವ ಸುಳ್ಳು ಯಾವುದೆಂದು ನನಗೆ ಚೆನ್ನಾಗಿ ಗೊತ್ತು, ಏಕೆಂದರೆ ಅದನ್ನು ಹೇಳಿದವಳು ನಾನೇ. ಅದಕ್ಕೇ ನಮ್ಮ ಮನೆಯ ಹೆಣ್ಣುಮಕ್ಕಳು ಯಾರಾದರೂ "ನಂದಾತು" ಎಂದರೆ ನಾನು ಮುಖ ನೋಡುವುದಿಲ್ಲ. ಎದ್ದು ಹೋಗಿ ತಟ್ಟೆ ನೋಡುತ್ತೇನೆ.