ಹರಳಿನೊಳಗೆ ನಿಂತ ಗೋಡೆ

ಇಪ್ಪತ್ತಾರು ವರ್ಷದಿಂದ ಹರಳುಗಳನ್ನು ತಣ್ಣಗೆ ಮಾಡುವುದೇ ಕೆಲಸವಾದ್ದರಿಂದ ಪ್ರಯೋಗಾಲಯದವರೆಲ್ಲ ಅವನನ್ನು ತಂಪಣ್ಣ ಎನ್ನುತ್ತಿದ್ದರು. ಮನೆಯಲ್ಲೂ ಲೋಟದ ಟೀ ಆರುವ ತನಕ ಅದನ್ನೇ ದಿಟ್ಟಿಸುತ್ತ ಕೂರುವವನು. "ಅದೂ ಹರಳು ಕಟ್ಟಲಿ ಅಂತ ಕಾಯ್ತಿದ್ದೀರಾ?" ಎಂದು ಹೆಂಡತಿ ಕೇಳುವುದಿತ್ತು.

ಅವನ ಹರಳುಗಳೋ ಸಕ್ಕರೆ ಕಾಳಿನಷ್ಟು. ಬೆಚ್ಚಗಿದ್ದರೆ ಬಣ್ಣವಿಲ್ಲ, ಒಳಗಿನ ಕಬ್ಬಿಣಕ್ಕೆ ಕಾಂತಗುಣವಿರುತ್ತದೆ. ತಣ್ಣಗಾದರೆ ಆ ಗುಣ ಮಲಗುತ್ತದೆ, ಹರಳು ನೇರಳೆಗೆ ತಿರುಗುತ್ತದೆ. ಒಮ್ಮೆಗೇ ಅಲ್ಲ, ಒಂದು ಅಂಚಿನಲ್ಲಿ ಹುಟ್ಟಿದ ಬಣ್ಣ ಗೆರೆ ಹಿಡಿದು ಇನ್ನೊಂದು ಅಂಚಿಗೆ ನಡೆಯುತ್ತದೆ. ಆ ಗೆರೆಗೆ ಅಲ್ಲಿ ಗೋಡೆ ಎಂದು ಹೆಸರು. ಪ್ರಯೋಗಾಲಯದ ಮುಖ್ಯಸ್ಥರಾದ ಮೇಷ್ಟ್ರು ಮಾತಾಡುವುದನ್ನು ಕೇಳಿದರೆ, ಗೋಡೆ ಅವರ ಅಪ್ಪಣೆ ಪಡೆದೇ ಹೊರಡುತ್ತದೇನೋ ಅನ್ನಿಸಬೇಕು.

ಈ ವಾರ ಅದು ಹರಳಿನ ನಟ್ಟನಡುವೆ ನಿಂತುಬಿಟ್ಟಿತು. ಮೂರು ದಿನವೂ ಅಲ್ಲೇ. ಮೇಷ್ಟ್ರು ಹಿಗ್ಗಿ ಹೀರೇಕಾಯಿಯಾದರು. ಜಗತ್ತು ಕಾಣದ ಸಂಗತಿ ಎಂದು ಲೇಖನ ಬರೆದು, ಶುಕ್ರವಾರ ಮಧ್ಯಾಹ್ನ ವಿಜ್ಞಾನ ಪತ್ರಿಕೆಗೆ ಕಳಿಸುವುದಾಗಿ ಸಾರಿದರು.

ಶುಕ್ರವಾರ ಬೆಳಿಗ್ಗೆ ತಂಪಣ್ಣ ಹೆಂಡತಿಯ ಮುಂದೆ ವಿಷಯ ಬಿಚ್ಚಿಟ್ಟ. ಸೋಮವಾರ ಸೂಕ್ಷ್ಮದರ್ಶಕಕ್ಕೆ ಪ್ರಖರವಾದ ಬಲ್ಬು ಹಾಕಿದವನು ಅವನೇ. ಅದರ ಬಿಸಿಗೇ ಗೋಡೆ ನಿಂತಿದೆ ಎಂಬುದು ನಿನ್ನೆ ಬೆಳಕು ತಗ್ಗಿಸಿದೊಡನೆ ಗೋಡೆ ಅಲುಗಿದ್ದು ಕಂಡು ಖಾತ್ರಿಯಾಗಿತ್ತು. ಮೇಷ್ಟ್ರ ಕಣ್ಣು ಮಂಜಾಗುತ್ತಿದೆಯೆಂದು ಅವರಿಗೂ ಹೇಳದೆ ಹಾಕಿದ ಬಲ್ಬು ಅದು. ಬಲ್ಬಿನ ಮಾತೆತ್ತಿದರೆ ಕಣ್ಣಿನ ಮಾತೂ ಬರುತ್ತದೆ. ಮೇಷ್ಟ್ರೋ ಅದನ್ನು ಯಾರಿಗೂ ಬಿಟ್ಟುಕೊಟ್ಟವರಲ್ಲ. ಓದಲಾಗದ ಕಾಗದಗಳನ್ನೆಲ್ಲ ಓದಲು ಯೋಗ್ಯವಲ್ಲ ಎಂದು ಪಕ್ಕಕ್ಕಿಡುತ್ತಿದ್ದರು.

"ಹೇಳ್ದೇ ಇದ್ರೆ ಊರೆಲ್ಲ ನಗುತ್ತೆ. ಹೇಳಿದ್ರೆ ಮೇಷ್ಟ್ರು ನಿಮ್ಮೊಬ್ಬರ ಮುಂದೆ ತಲೆ ತಗ್ಗಿಸ್ತಾರೆ. ಯಾವುದು ವಾಸಿ, ನೀವೇ ಹೇಳಿ," ಎಂದಳು ಹೆಂಡತಿ.

ತಂಪಣ್ಣ ಹೋಗಿ ಎಲ್ಲ ಹೇಳಿದ. ಮೇಷ್ಟ್ರು ಬಹಳ ಹೊತ್ತು ಕನ್ನಡಕ ಒರೆಸಿದರು.

"ನನ್ನ ಕಣ್ಣಿನ ವಿಷಯ ನಿಂಗೆ ಯಾವಾಗ ಗೊತ್ತಾಯ್ತು?"

"ಎರಡು ವರ್ಷ ಆಯ್ತು ಸಾರ್."

"ಒಂದು ಮಾತು ಹೇಳ್ಲಿಲ್ವಲ್ಲೋ!"

"ನೀವೂ ಹೇಳ್ಲಿಲ್ವಲ್ಲ ಸಾರ್."

ಮೇಷ್ಟ್ರು ಎದ್ದು ಬಂದು, ತಾವೇ ತಡಕಾಡಿ ಬೆಳಕಿನ ತಿರುಪನ್ನು ತಗ್ಗಿಸಿದರು. ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದರು. ಆಮೇಲೆ ಪಕ್ಕಕ್ಕೆ ಸರಿದು ತಮ್ಮ ಕುರ್ಚಿಯನ್ನು ಅವನತ್ತ ತಳ್ಳಿದರು. ಆ ಕುರ್ಚಿಯಲ್ಲಿ ಇನ್ನೊಬ್ಬರು ಕೂತದ್ದನ್ನು ಇದುವರೆಗೆ ಯಾರೂ ಕಂಡಿರಲಿಲ್ಲ.

"ನಂಗೇನೂ ಕಾಣ್ತಿಲ್ಲ. ನೀನು ನೋಡಿ ಹೇಳು. ಹೊರಡ್ತಾ?"

"ಹೊರಡ್ತು ಸಾರ್. ಮುಕ್ಕಾಲು ದಾಟ್ತು. ಬಲಗಡೆ ಮೂಲೆಗೆ ಬರ್ತಾ ಇದೆ..."

"ಸ್ವಲ್ಪ ನಿಧಾನ ಕಣೋ, ಬರ್ಕೋಬೇಕು."

"ಅದನ್ನ ಗೋಡೆಗೆ ಹೇಳಿ ಸಾರ್," ಎಂದ ತಂಪಣ್ಣ. ಮೇಷ್ಟ್ರು ನಗುತ್ತಲೇ, ಲೇಖನದ ಹಾಳೆಗಳನ್ನು ಮಗುಚಿ, ಅವುಗಳ ಬೆನ್ನ ಮೇಲೆ ದೊಡ್ಡ ದೊಡ್ಡ ಅಕ್ಷರಗಳಲ್ಲಿ ಬರೆದುಕೊಳ್ಳತೊಡಗಿದರು.